ನಾಲೆ ಏರಿಯ ಮೇಲೆ ಸೈಕಲ್: ವಾಹನಗಳ ಕಾಟವಿಲ್ಲದ ದಾರಿ ಹುಡುಕಿ ತುಳಿಯುವ ಬಗೆ

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯ ಹತ್ತಿರ ಟಾರು ರಸ್ತೆ ಬಿಟ್ಟು ವಿರಿಜಾ ನಾಲೆಯ ಏರಿ ಹತ್ತಿದಾಗ ವ್ಯತ್ಯಾಸ ಮೊದಲು ಕಿವಿಗೆ ತಿಳಿಯುತ್ತದೆ, ಆಮೇಲೆ ಕಾಲಿಗೆ. ಹಾರ್ನಿನ ಸದ್ದು ಹಿಂದೆ ಉಳಿದು, ಚಕ್ರದ ಅಡಿಯ ಗರಸು ಚರಚರ ಎನ್ನುವುದು ಕೇಳಿಸತೊಡಗುತ್ತದೆ. ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಆಳುದ್ದ ಕೆಳಗೆ ಭತ್ತದ ಗದ್ದೆ. ಹೆಸರಿಗೆ ಏರಿಯಾದರೂ ಅಲ್ಲಿ ಏರು ಮಾತ್ರ ಇಲ್ಲ. ಹತ್ತು ಕಿಲೋಮೀಟರ್ ತುಳಿದರೂ ಗೇರು ಬದಲಿಸುವ ಅಗತ್ಯ ಬೀಳುವುದಿಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಲಾಯಿತು. ಸೈಕಲ್ ಸವಾರರಿಗೆ ಸರ್ವಿಸ್ ರಸ್ತೆ ಉಳಿಯಿತು. ಅಲ್ಲಿ ಎದುರು ದಿಕ್ಕಿನಿಂದ ಬರುವ ಬೈಕು, ಅಡ್ಡ ನಿಂತ ಲಾರಿ, ಧೂಳು. ನನ್ನಂಥವರನ್ನು ನಾಲೆಯ ಕಡೆಗೆ ತಿರುಗಿಸಿದ್ದು ಈ ಸರ್ವಿಸ್ ರಸ್ತೆಯೇ ಎನ್ನಬೇಕು. ಕಾವೇರಿ ಬಯಲಿನ ನಾಲೆಗಳ ಉದ್ದಕ್ಕೂ ಇರುವ ಮಣ್ಣುದಾರಿಗಳನ್ನು ಹುಡುಕುವುದು, ಪರೀಕ್ಷಿಸುವುದು, ತುಳಿಯುವುದು ಹೇಗೆಂದು ಮುಂದೆ ಹೇಳಿದ್ದೇನೆ. ನಾನು ತುಳಿಯುವುದು ಮಂಡ್ಯ ಜಿಲ್ಲೆಯಲ್ಲಿ. ಆದರೆ ಈ ಕ್ರಮ ಭದ್ರಾ, ತುಂಗಭದ್ರಾ, ಹೇಮಾವತಿ ನಾಲೆಗಳಿಗೂ ಹೊಂದುತ್ತದೆ.

ಮೊದಲ ಹೆಜ್ಜೆ: ನಾಲೆಯ ಸ್ವಭಾವ ತಿಳಿಯಿರಿ

ನಾಲೆ ಕಟ್ಟುವವರಿಗೆ ಒಂದೇ ಚಿಂತೆ: ನೀರು ಎತ್ತರವನ್ನು ಬೇಗ ಕಳೆದುಕೊಳ್ಳಬಾರದು. ಎತ್ತರ ಉಳಿದಷ್ಟೂ ಹೆಚ್ಚು ಗದ್ದೆಗೆ ನೀರುಣಿಸಬಹುದು. ಆದ್ದರಿಂದ ಮುಖ್ಯ ನಾಲೆಯ ಇಳಿಜಾರು ಸಾವಿರ ಅಡಿಗೆ ಒಂದು ಅಡಿಗಿಂತಲೂ ಕಡಿಮೆ. ರೈತನಿಗಾಗಿ ಮಾಡಿದ ಈ ಲೆಕ್ಕ ಸೈಕಲ್ಲಿನವನಿಗೆ ಪುಕ್ಕಟೆಯಾಗಿ ಸಿಕ್ಕಿದೆ.

ನಾಲೆಯ ವಯಸ್ಸು ತಿಳಿದರೆ ಸವಾರಿ ಹೇಗಿರುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು. ವಿರಿಜಾ, ಚಿಕ್ಕದೇವರಾಜಸಾಗರ (ಎಲ್ಲರ ಬಾಯಲ್ಲೂ ಇದು ಸಿಡಿಎಸ್ ನಾಲೆ), ಬಂಗಾರದೊಡ್ಡಿ ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ ಬಹಳ ಹಳೆಯವು. ಬಂಗಾರದೊಡ್ಡಿ ನಾಲೆ 17ನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು. ಮೇಲ್ಗಾಲುವೆಯ ಮೂಲಕ ಹೊಳೆಯನ್ನೇ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುತ್ತದೆ. ಹಳೆಯ ನಾಲೆಗಳು ಗುಡ್ಡವನ್ನು ಕಡಿಯಲು ಹೋಗಿಲ್ಲ, ನೆಲ ತಿರುಗಿದ ಹಾಗೆ ತಾವೂ ತಿರುಗಿವೆ. ಹಾಗಾಗಿ ದಾರಿ ಅಂಕುಡೊಂಕು, ಮರಗಳ ನೆರಳು ದಟ್ಟ, ವೇಗ ಕಡಿಮೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅಂದರೆ ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿ.ಸಿ. ನಾಲೆ, 20ನೆಯ ಶತಮಾನದ ಎಂಜಿನಿಯರುಗಳ ಕೆಲಸ. ಅದು ನೇರ, ಅಗಲ, ಆಳ. ದಾರಿಯೂ ಹಾಗೆಯೇ, ಬೇಗ ಸಾಗುತ್ತದೆ, ಬಿಸಿಲೂ ಜಾಸ್ತಿ.

ನೆನಪಿಡಬೇಕಾದ ಇನ್ನೊಂದು ಸಂಗತಿ: ನಾಲೆಯ ಎರಡೂ ದಂಡೆಗಳು ಒಂದೇ ಬಗೆಯವಲ್ಲ. ಇಳಿಜಾರಿನ ಕಡೆ, ಅಂದರೆ ಗದ್ದೆಯ ಕಡೆ, ಮಣ್ಣು ಪೇರಿಸಿ ಕಟ್ಟಿದ ಅಗಲವಾದ ಏರಿ ಇರುತ್ತದೆ. ಇಲಾಖೆಯ ಜೀಪು ಓಡಾಡುವುದು ಅದರ ಮೇಲೆ. ಗುಡ್ಡದ ಕಡೆಯ ದಂಡೆ ಕಿರಿದು, ಪೊದೆ ಹೆಚ್ಚು, ಎಷ್ಟೋ ಕಡೆ ದಾರಿಯೇ ಇಲ್ಲ. ನಕ್ಷೆಯಲ್ಲಿ ಎರಡು ಗೆರೆ ಕಂಡರೆ ಗದ್ದೆಯ ಕಡೆಯದನ್ನೇ ಹಿಡಿಯಿರಿ.

ಎರಡನೆಯ ಹೆಜ್ಜೆ: ಮನೆಯಲ್ಲೇ ಕುಳಿತು ದಾರಿ ಗುರುತಿಸಿ

ಉಪಗ್ರಹ ಚಿತ್ರದಲ್ಲಿ ನಾಲೆ ಹಸಿರು ಅಥವಾ ಕಂದು ಪಟ್ಟಿಯಾಗಿ ಕಾಣುತ್ತದೆ. ಅದರ ಪಕ್ಕದಲ್ಲೇ ತೆಳು ಕೆಂಪು ಅಥವಾ ಬೂದು ಗೆರೆಯಿದ್ದರೆ ಅದು ಏರಿ ರಸ್ತೆ. ಗೆರೆ ಒಂದೇ ಸಮನೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಂದ ಟಾರು ಅಥವಾ ಕಾಂಕ್ರೀಟ್ ಹಾಕಿದ್ದಾರೆ, ಬೈಕು ಕಾರುಗಳು ಶುರುವಾಗುತ್ತವೆ ಎಂದು ತಿಳಿಯಿರಿ. ಎರಡು ಸಮಾನಾಂತರ ಗೆರೆಗಳ ನಡುವೆ ಹುಲ್ಲಿನ ಪಟ್ಟಿ ಕಂಡರೆ ಅದು ಗಾಡಿಜಾಡು. ನಮಗೆ ಬೇಕಾದದ್ದು ಅದೇ. ಹಳೆಯ ಚಿತ್ರಗಳನ್ನು ತೋರಿಸುವ ಸೌಲಭ್ಯ ಗೂಗಲ್ ಅರ್ಥ್‌ನಲ್ಲಿದೆ. ಒಂದೇ ಜಾಗವನ್ನು ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ನೋಡಿ ಹೋಲಿಸಿದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಸವಾರರು ತಮ್ಮ ಓಡಾಟ ದಾಖಲಿಸುವ ಸ್ಟ್ರಾವಾ ಆ್ಯಪಿನ ಶಾಖನಕ್ಷೆಯಲ್ಲಿ ಗೆರೆ ಹೊಳೆಯುತ್ತಿದ್ದರೆ ಬೇರೆ ಸವಾರರು ಆ ದಾರಿ ಹಿಡಿದಿದ್ದಾರೆ ಎಂದರ್ಥ. ಹೊಳೆಯದಿದ್ದರೆ ಅದು ದಾರಿಯಲ್ಲ ಎಂದೇನೂ ಅಲ್ಲ. ದಿನವೂ ಆ ಏರಿಯ ಮೇಲೆ ಅಟ್ಲಾಸ್ ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಸಾಗಿಸುವ ರೈತ ಸ್ಟ್ರಾವಾದಲ್ಲಿ ಇಲ್ಲ, ಅಷ್ಟೇ.

ನಾಲೆಯಿಂದ ನಾಲೆಗೆ, ಕೆರೆಯಿಂದ ನಾಲೆಗೆ ಹೋಗಲು ಕೊಂಡಿದಾರಿ ಬೇಕಾಗುತ್ತದೆ. ಹೊರಗಿನ ನಕ್ಷೆಗಳಿಗಿಂತ ನಮ್ಮ ಕಂದಾಯ ಇಲಾಖೆಯ ಗ್ರಾಮ ನಕ್ಷೆಯೇ ಈ ಕೆಲಸಕ್ಕೆ ವಾಸಿ. ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎನ್ನುತ್ತಾರಲ್ಲ, ಅದೇ. ಬಂಡಿದಾರಿ, ಕಾಲುದಾರಿ ಎರಡನ್ನೂ ಬೇರೆ ಬೇರೆ ಗೆರೆಗಳಲ್ಲಿ ಗುರುತಿಸಿರುತ್ತಾರೆ. ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದು ಸಾರ್ವಜನಿಕರದ್ದು, ಇಲ್ಲದಿದ್ದರೆ ನೀವು ತುಳಿಯುತ್ತಿರುವುದು ಯಾರದೋ ಬದು. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಜಮೀನು ಖಾಸಗಿಯೋ ಸರ್ಕಾರದ್ದೋ ಎಂಬ ಅನುಮಾನ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ. ನಿವೇಶನ ಕೊಳ್ಳುವವರಿಗಾಗಿ ಇರುವ ಆ್ಯಪನ್ನು ಸೈಕಲ್ ಹಾದಿಗೆ ಬಳಸುತ್ತೇನೆಂದು ಸ್ನೇಹಿತರು ನಗುತ್ತಾರೆ.

ಕೊನೆಗೆ ದಾರಿಯ ಗುರುತುಗಳಿರುವ ಜಿಪಿಎಕ್ಸ್ ಕಡತ ಮಾಡಿ ಮೊಬೈಲಿಗೆ ಹಾಕಿಕೊಳ್ಳಿ, ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನಾಲೆಯನ್ನು ದಾಟುವ ಸೇತುವೆಗಳನ್ನು ಒಂದೊಂದಾಗಿ ಗುರುತು ಹಾಕಿ. ಇದನ್ನು ಮರೆತವರಿಗೆ ಎದುರು ದಂಡೆಯ ಟೀ ಅಂಗಡಿಗೆ ಮೂರು ಕಿಲೋಮೀಟರ್ ಸುತ್ತುವ ಯೋಗ.

ಮೂರನೆಯ ಹೆಜ್ಜೆ: ನೀರಿನ ಪಂಚಾಂಗ ನೋಡಿ

ಈ ಹೆಜ್ಜೆಯನ್ನು ಬಿಟ್ಟೇ ಹೆಚ್ಚಿನವರು ಕೆಸರಿನಲ್ಲಿ ಸಿಕ್ಕಿಕೊಳ್ಳುವುದು. ನಾಲೆಯ ದಾರಿ ವರ್ಷವಿಡೀ ಒಂದೇ ತೆರನಾಗಿ ಇರುವುದಿಲ್ಲ. ಮುಂಗಾರಿನಲ್ಲಿ ಕಟ್ಟೆ ತುಂಬುತ್ತಿದ್ದಂತೆ ನಾಲೆಗೆ ನೀರು ಬಿಡುತ್ತಾರೆ, ನಾಟಿ ಶುರುವಾಗುತ್ತದೆ, ಏರಿಯ ಮೇಲೆ ಟ್ರ್ಯಾಕ್ಟರುಗಳ ಜಾತ್ರೆ. ಕಟ್ಟೆಯಲ್ಲಿ ನೀರು ಕಡಿಮೆಯಿದ್ದ ವರ್ಷ ಕಟ್ಟುಪದ್ಧತಿ: ಕೆಲವು ದಿನ ನೀರು, ಕೆಲವು ದಿನ ಬಂದ್. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಹೂಳು ತೆಗೆದು ಏರಿಯ ಮೇಲೆಯೇ ಸುರಿಯುತ್ತಾರೆ. ಆ ಹೂಳು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿ, ನೆನೆದಾಗ ಸಾಬೂನಿನಂತೆ ಜಾರು. ಆಧುನೀಕರಣದ ಕಾಮಗಾರಿ ನಡೆಯುತ್ತಿದ್ದರಂತೂ ಟಿಪ್ಪರುಗಳ ಓಡಾಟ, ಆ ತಿಂಗಳು ಅತ್ತ ಸುಳಿಯಬೇಡಿ.

ನಾನು ಇದನ್ನು ಕಲಿತದ್ದು ಗದ್ದೆಗಳಿಗೆ ನೀರು ಹಂಚುವ ಒಬ್ಬ ನೀರಗಂಟಿಯಿಂದ. ಸಂಜೆ ತೂಬಿನ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ, ಹೆಗಲ ಮೇಲೆ ಗುದ್ದಲಿ, ಮೊಣಕಾಲಿನವರೆಗೆ ಒಣಗಿದ ಕೆಸರು.

“ಎಲ್ಲಿಗೆ ಸ್ವಾಮಿ, ದಾರಿ ತಪ್ಪಿತೇ?”

“ಇಲ್ಲ ಯಜಮಾನರೇ, ಸುಮ್ಮನೆ ಸುತ್ತಾಡಲು ಬಂದೆ. ನಾಳೆಯೂ ಬರುತ್ತೇನೆ.”

“ನಾಳೆ ಬರಬೇಡಿ. ಇವತ್ತು ರಾತ್ರಿ ನೀರು ಬರುತ್ತದೆ. ಈ ತೂಬಿನ ಪಕ್ಕ ಏರಿ ಜಿನುಗುತ್ತದೆ, ಮೇಲೆ ಒಣಗಿದ ಹಾಗೆ ಕಾಣುತ್ತದೆ, ಅಷ್ಟೇ.”

ನಾನು ಅಂಥ ದೊಡ್ಡ ಮನುಷ್ಯ, ಮರುದಿನ ಬಂದೆ. ಮೇಲೆ ಒಣಗಿದ ಹಾಗೆಯೇ ಕಾಣುತ್ತಿತ್ತು. ಮುಂದಿನ ಚಕ್ರ ಅಚ್ಚಿನವರೆಗೆ ಹೂತುಹೋಯಿತು, ನಾನು ಹ್ಯಾಂಡಲ್ ದಾಟಿ ಗದ್ದೆಯ ಕಡೆ ಬಿದ್ದೆ. ನಾಲೆಯ ಕಡೆ ಬೀಳದಿದ್ದದ್ದು ಜಾಣತನವಲ್ಲ, ಅದೃಷ್ಟ. ಅಂದಿನಿಂದ ಹೊಸ ನಾಲೆಗೆ ಹೋಗುವ ಮುನ್ನ ಸ್ಥಳೀಯರನ್ನು ಕೇಳುವ ಪ್ರಶ್ನೆ “ದಾರಿ ಹೇಗಿದೆ?” ಎಂದಲ್ಲ. “ನೀರು ಯಾವಾಗ ಬಿಟ್ಟರು?” ಎಂದು. ದಾರಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನೀರಿನ ವಿಷಯದಲ್ಲಿ ಯಾರೂ ತಪ್ಪು ಹೇಳುವುದಿಲ್ಲ.

ಮಂಡ್ಯದ ಬಯಲಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಗರಸು ಗಟ್ಟಿಯಾಗಿ ಕೂತಿರುತ್ತದೆ, ಬೆಳಗಿನ ಗಾಳಿ ತಣ್ಣಗಿರುತ್ತದೆ. ಜೂನ್, ಜುಲೈ ಕೂಡ ಕೆಟ್ಟದ್ದೇನಲ್ಲ, ಮೋಡವಿರುತ್ತದೆ. ಆದರೆ ಪಡುವಣ ಗಾಳಿ ಎದೆಗೆ ಒದೆಯುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ಹೊರಡಿ, ದಣಿದು ಮರಳುವಾಗ ಗಾಳಿಯೇ ದಬ್ಬುತ್ತದೆ.

ನಾಲ್ಕನೆಯ ಹೆಜ್ಜೆ: ಯಾರ ಜಾಗ ಎಂದು ಖಚಿತಪಡಿಸಿಕೊಳ್ಳಿ

ನಾಲೆಯ ಏರಿ ನೀರಾವರಿ ನಿಗಮದ್ದು. ಊರಿನವರು ತಲೆಮಾರುಗಳಿಂದ ಓಡಾಡುವ ದಾರಿಯಾದ್ದರಿಂದ ಸೈಕಲ್ಲನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆದರೆ ಗೇಟು ಹಾಕಿದ್ದರೆ, ಫಲಕವಿದ್ದರೆ ಅದರ ಮಾತು ಕೇಳಿ. ಕೃಷ್ಣರಾಜಸಾಗರದ ಅಣೆಕಟ್ಟೆಯ ಮೇಲೆ ಸಾರ್ವಜನಿಕರ ಸಂಚಾರವಿಲ್ಲ. ಕಾವಲಿನವರೊಂದಿಗೆ ವಾದಕ್ಕಿಳಿದು ಅರ್ಧ ದಿನ ಕಳೆದುಕೊಳ್ಳಬೇಡಿ.

ಕಾಡಿನ ವಿಷಯ ಬೇರೆ. ಹೊರದೇಶಗಳ ಗ್ರಾವೆಲ್ (ಗರಸುದಾರಿಯ ಸೈಕಲ್ ಸವಾರಿ) ವಿಡಿಯೊಗಳನ್ನು ನೋಡಿ ನಮ್ಮಲ್ಲಿಯೂ ಕಾಡಿನೊಳಗೆ ನುಗ್ಗಬಹುದೆಂದು ಎಣಿಸುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ನಿರ್ಬಂಧಗಳಿವೆ. ನಮ್ಮ ಕಾಡುಗಳಲ್ಲಿ ಆನೆ ಇದೆ, ಕರಡಿ ಇದೆ. ಸೈಕಲ್ ಸದ್ದಿಲ್ಲದೆ ಹತ್ತಿರ ಹೋಗಿಬಿಡುತ್ತದೆ, ಅದೇ ಅಪಾಯ. ಕಾಡಂಚಿನ ಸಾರ್ವಜನಿಕ ರಸ್ತೆಗಳಲ್ಲಿ ಹಗಲಿನಲ್ಲಿ ಸವಾರಿ ಮಾಡಬಹುದು. ಅದಕ್ಕಿಂತ ಒಳಗೆ ಹೋಗಬೇಕೆನಿಸಿದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ. ಬೇಡ ಎಂದರೆ ಬೇಡ.

ಐದನೆಯ ಹೆಜ್ಜೆ: ಸೈಕಲ್, ಟೈರು, ಮುಳ್ಳು

ಗ್ರಾವೆಲ್ ಸೈಕಲ್ಲೇ ಆಗಬೇಕೆಂದಿಲ್ಲ. 38 ಮಿಲಿಮೀಟರಿಗಿಂತ ಅಗಲದ ಟೈರು ಹಿಡಿಸುವ ಹೈಬ್ರಿಡ್ ಸಾಕು, ಹಳೆಯ ಎಂಟಿಬಿ (ಬೆಟ್ಟಗುಡ್ಡದ ಸೈಕಲ್) ಇನ್ನೂ ಒಳ್ಳೆಯದು. ಅಂಗಡಿಯವರು ತೂಕದ ಬಗ್ಗೆ ಹೇಳುವುದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಸಮತಟ್ಟಾದ ಏರಿಯ ಮೇಲೆ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಏನೂ ಆಗದು. ದುಡ್ಡು ಹಾಕುವುದಾದರೆ ಟೈರಿಗೆ ಹಾಕಿ.

ಗಾಳಿಯ ಒತ್ತಡವನ್ನು ಬಹುತೇಕ ಎಲ್ಲರೂ ಅತಿ ಮಾಡುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಟೈರು ಗರಸಿನ ಮೇಲೆ ಪುಟಿಯುತ್ತದೆ, ಮಣಿಕಟ್ಟು ನೋಯುತ್ತದೆ, ತಿರುವಿನಲ್ಲಿ ಜಾರುತ್ತದೆ. ಸುಮಾರು 70 ಕಿಲೋ ತೂಕದ ಸವಾರ 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ ಮುಂದೆ 32, ಹಿಂದೆ 36 ಪಿಎಸ್‌ಐನಿಂದ ಆರಂಭಿಸಬಹುದು. ಟ್ಯೂಬ್ ಇದ್ದರೆ ಐದಾರು ಹೆಚ್ಚಿಸಿ, ಇಲ್ಲವಾದರೆ ಕಲ್ಲಿಗೆ ಬಡಿದು ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಅಲ್ಲಿಂದ ಮುಂದೆ ಎರಡೆರಡು ಅಂಕ ಇಳಿಸುತ್ತಾ ಹೋಗಿ, ರಿಮ್ಮಿಗೆ ಕಲ್ಲು ತಾಗಿದ ಸದ್ದು ಬಂದರೆ ಸ್ವಲ್ಪ ಏರಿಸಿ.

ನಮ್ಮ ಬಯಲುಸೀಮೆಯ ನಿಜವಾದ ಶತ್ರು ಕಲ್ಲಲ್ಲ, ಬಳ್ಳಾರಿ ಜಾಲಿ. ನಾಲೆಯ ಏರಿಯ ಜಾಲಿಯನ್ನು ಸೌದೆಗೆ ಕಡಿದವರು ಮುಳ್ಳಿನ ಕೊಂಬೆಗಳನ್ನು ದಾರಿಯಲ್ಲೇ ಬಿಟ್ಟು ಹೋಗಿರುತ್ತಾರೆ. ಒಂದು ಬೆಳಿಗ್ಗೆ ನನ್ನ ಎರಡು ಟೈರುಗಳಲ್ಲಿ ಎಣಿಸಿ ಹದಿನಾಲ್ಕು ಮುಳ್ಳು. ಟ್ಯೂಬ್ ಇದ್ದಿದ್ದರೆ ಅಂದು ಸೈಕಲ್ ತಳ್ಳಿಕೊಂಡೇ ಮನೆ ಸೇರಬೇಕಿತ್ತು. ಆದ್ದರಿಂದ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಸೈಕಲ್ ಅಲುಗಾಡಿಸಿದಾಗ ಒಳಗೆ ಕುಲುಕುವ ಸದ್ದು ಕೇಳದಿದ್ದರೆ ಮತ್ತೆ ತುಂಬಿ. ಹಾಗಿದ್ದರೂ ಒಂದು ಟ್ಯೂಬು, ಪ್ಲಗ್ಗು, ಪಂಪು, ಟೈರ್ ಲಿವರ್, ಚೈನಿನ ಜೋಡಣೆ ಕೊಂಡಿ ಚೀಲದಲ್ಲಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಯವರು ಎಂಥ ಟ್ಯೂಬಿಗೂ ತೇಪೆ ಹಾಕಿಕೊಡುತ್ತಾರೆ, ಆದರೆ ನಿಮ್ಮ ಸಣ್ಣ ವಾಲ್ವಿಗೆ ಹೊಂದುವ ಪಂಪು ಅವರಲ್ಲಿರುವುದಿಲ್ಲ.

ಮಣ್ಣಿನ ಬಗ್ಗೆ ಒಂದು ಮಾತು. ಮಂಡ್ಯದ ಕೆಂಪು ಮಣ್ಣು ಮಳೆ ನಿಂತು ಒಂದು ದಿನ ಕಳೆದರೆ ಸವಾರಿಗೆ ಸಿದ್ಧ. ಸಿಂಧನೂರು, ಗಂಗಾವತಿ ಕಡೆಯ ತುಂಗಭದ್ರಾ ಎಡದಂಡೆ ನಾಲೆಯ ಎರೆ ಮಣ್ಣು ಹಾಗಲ್ಲ. ನೆನೆದ ಎರೆ ಟೈರಿಗೆ ಹಿಟ್ಟಿನಂತೆ ಸುತ್ತಿಕೊಂಡು ಫ್ರೇಮಿನ ಸಂದಿ ತುಂಬಿ, ನೂರು ಅಡಿಯೊಳಗೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಅಲ್ಲಿ ಮಳೆ ಬಂದರೆ ಮೂರು ನಾಲ್ಕು ದಿನ ಸೈಕಲ್ಲಿನ ಮಾತೇ ಬೇಡ.

ಆರನೆಯ ಹೆಜ್ಜೆ: ಅಲ್ಲಿಗೆ ತಲುಪುವುದು

ಬೆಂಗಳೂರಿನಿಂದ ರೈಲೇ ಉತ್ತಮ. ಹಿಂದಿನ ದಿನವೇ ಪಾರ್ಸೆಲ್ ಕಚೇರಿಗೆ ಹೋಗಿ, ನಿಮ್ಮ ರೈಲಿನಲ್ಲಿ ಸೈಕಲ್ ಬುಕ್ ಮಾಡುತ್ತಾರೆಯೇ ಎಂದು ಕೇಳಿ. ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳಲ್ಲಿ ರೈಲು ನಿಲ್ಲುವುದೇ ಕ್ಷಣಕಾಲ, ಲಗೇಜು ಬೋಗಿಯಿಂದ ಸೈಕಲ್ ಇಳಿಸುವ ಹೊತ್ತಿಗೆ ಹಸಿರು ಬಾವುಟ ಆಡುತ್ತಿರುತ್ತದೆ. ಮೈಸೂರಿಗೇ ಬುಕ್ ಮಾಡಿ ಇಳಿಸಿಕೊಂಡು, ಹಳ್ಳಿ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಹಿಂದೆ ಬರುವುದು ನೆಮ್ಮದಿ.

ಏಳನೆಯ ಹೆಜ್ಜೆ: ಮೊದಲ ದಿನದ ಸವಾರಿ

ಮೊದಲ ಸಲಕ್ಕೆ ವಿರಿಜಾ ನಾಲೆಯನ್ನೇ ಆರಿಸಿಕೊಳ್ಳಿ. ಶ್ರೀರಂಗಪಟ್ಟಣದಿಂದ ಹೊಳೆಯ ಬಲದಂಡೆಗೆ ಬಂದು ಪಾಲಹಳ್ಳಿ, ಅಲ್ಲಿಂದ ನಾಲೆಯ ಜೊತೆಗೆ ಮೇಲ್ಮುಖವಾಗಿ ಬೆಳಗೊಳದ ಕಡೆಗೆ, ಕೊನೆಗೆ ಬಲಮುರಿ. ನಾಲೆ ಹುಟ್ಟುವುದು ಬಲಮುರಿಯ ಕಟ್ಟೆಯ ಬಳಿ. ಹೋಗಿ ಬರಲು ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್, ನಿಂತು ನೋಡುತ್ತಾ ಹೋದರೆ ಮೂರು ತಾಸು. ನಡುವೆ ಕೆಲವು ಕಡೆ ಟಾರು ಬರುತ್ತದೆ, ಕೆಲವು ಕಡೆ ಊರೊಳಗೆ ಹಾದುಹೋಗಬೇಕು.

ನೀರಿಗೆ ಎದುರಾಗಿ ಹೋಗಿ ಎಂದು ಹೇಳುವುದಕ್ಕೆ ಕಾರಣವಿದೆ. ನಾಲೆಯ ಬಾಲದ ಕಡೆಗೆ ಹೋದಂತೆ ಕವಲುಗಳು ಹೆಚ್ಚುತ್ತವೆ, ಯಾವುದು ಮುಖ್ಯ ನಾಲೆ ಎಂದು ತಬ್ಬಿಬ್ಬಾಗುತ್ತದೆ. ತಲೆಯ ಕಡೆಗೆ ಹೋದಂತೆ ಎಲ್ಲ ಕವಲೂ ಸೇರಿ ಒಂದಾಗುತ್ತವೆ. ಹೆಚ್ಚು ನೀರಿರುವುದರ ಪಕ್ಕದಲ್ಲಿ ಹೋಗುತ್ತಿದ್ದರೆ ದಾರಿ ಸರಿಯಿದೆ ಎಂದೇ ಅರ್ಥ.

ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ. ‘ಬೆಳಗಿನ ಜಾವವೇ ಚೆಂದ’ ಎಂಬ ಸೈಕಲ್ಲಿನವರ ಮಾತು ಇಲ್ಲಿ ನಡೆಯದು. ಕಬ್ಬಿನ ಗದ್ದೆಗಳು ಚಿರತೆಗೆ ಮನೆಯಂತಾಗಿವೆ. ಕಟಾವಿನ ಹೊತ್ತಿನಲ್ಲಿ ಮರಿಗಳು ಸಿಗುವುದೂ ಉಂಟು. ಮಬ್ಬುಗತ್ತಲಲ್ಲಿ, ಮುಸ್ಸಂಜೆಯಲ್ಲಿ ಕಬ್ಬಿನ ನಡುವಿನ ದಾರಿ ಬೇಡ. ಏಳು ಗಂಟೆಗೆ ಹೊರಟರೆ ರಂಗನತಿಟ್ಟಿನಿಂದ ಗದ್ದೆಗೆ ಮೇಯಲು ಬಂದ ಕೊಕ್ಕರೆಗಳೂ ಸಿಗುತ್ತವೆ, ಚಹಾದ ಅಂಗಡಿಯೂ ತೆರೆದಿರುತ್ತದೆ.

ಬಲಮುರಿಯಲ್ಲಿ ನೀರಿಗೆ ಇಳಿಯಬೇಡಿ. ತೆಳುವಾಗಿ ಹರಿಯುವ ಹಾಲಿನಂಥ ನೀರು, ಕೆಳಗೆ ಪಾಚಿ, ಸುಳಿ. ಅಲ್ಲಿ ಎಷ್ಟೋ ಮಂದಿ ಜೀವ ಕಳೆದುಕೊಂಡಿದ್ದಾರೆ.

ಎಂಟನೆಯ ಹೆಜ್ಜೆ: ಏರಿಯ ಮೇಲಿನ ನಡವಳಿಕೆ

ನೀರಿನ ಕಡೆ ಎಂದೂ ಸವಾರಿ ಮಾಡಬೇಡಿ, ದಾರಿಯ ಗದ್ದೆಯ ಕಡೆಯ ಜಾಡಿನಲ್ಲಿರಿ. ಗದ್ದೆಗೆ ಬಿದ್ದರೆ ಬಟ್ಟೆ ಒಗೆಯಬೇಕು, ಅಷ್ಟೇ. ಕಾಂಕ್ರೀಟ್ ಹಾಸಿದ ನಾಲೆಗೆ ಬಿದ್ದರೆ ಇಳಿಜಾರಿನ ಪಾಚಿಯ ಮೇಲೆ ಕೈಗೆ ಹಿಡಿತ ಸಿಗುವುದಿಲ್ಲ, ಈಜು ಬಲ್ಲವರೂ ಹತ್ತಲಾರರು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಆ ನಾಲೆಯ ಪಕ್ಕ ಹೋಗುವಾಗಲೆಲ್ಲ ಅದು ನೆನಪಾಗುತ್ತದೆ. ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಒಬ್ಬರ ಹಿಂದೊಬ್ಬರು ಸಾಗಿ. ಒಂದು ಗಟ್ಟಿ ಹಗ್ಗ ಗುಂಪಿನಲ್ಲಿ ಒಬ್ಬರ ಬಳಿಯಾದರೂ ಇರಲಿ.

ಎದುರಿಗೆ ಎತ್ತಿನ ಗಾಡಿ ಬಂದರೆ ಇಳಿದು ನಿಲ್ಲಿ. ಎತ್ತಿಗೆ ನಿಮ್ಮ ಹೆಲ್ಮೆಟ್ಟು, ಕಪ್ಪು ಕನ್ನಡಕ ಪರಿಚಯವಿಲ್ಲ. ಕುರಿಮಂದೆ ಬಂದಾಗ ಗಂಟೆ ಬಾರಿಸಬೇಡಿ, ಬೆದರಿದ ಕುರಿ ನೀರಿಗೆ ಹಾರಿದರೆ ನಷ್ಟ ಕುರಿಗಾಹಿಯದು. ಬಟ್ಟೆ ಒಗೆಯುವ ಮೆಟ್ಟಿಲುಗಳ ಬಳಿ ಹೆಂಗಸರಿರುತ್ತಾರೆ. ದೂರದಿಂದಲೇ ಗಂಟೆ ಬಾರಿಸಿ, ನಿಲ್ಲದೆ ದಾಟಿ, ಮೊಬೈಲ್ ಕ್ಯಾಮೆರಾ ತೆಗೆಯಬೇಡಿ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡವರಿಗೆ ಇದನ್ನು ಎರಡು ಸಲ ಹೇಳಬೇಕು.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯಿರಿ. ಓಡುವವನಿಲ್ಲದಿದ್ದರೆ ಅದಕ್ಕೂ ಆಟ ಬೇಸರವಾಗುತ್ತದೆ. ಮೇಲ್ಗಾಲುವೆಗಳ ಕಮಾನಿನ ಕೆಳಗೆ ಹೆಜ್ಜೇನು ಕಟ್ಟಿರಬಹುದು, ಅಲ್ಲಿ ಗಲಾಟೆ ಬೇಡ.

ಡಿಸೆಂಬರ್, ಜನವರಿಯಲ್ಲಿ ಕೊಂಡಿರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ನಡೆಯುತ್ತದೆ. ಹುರುಳಿಯ ಬಳ್ಳಿ ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡರೆ ಬಿಡಿಸಲು ಹದಿನೈದು ನಿಮಿಷ ಬೇಕು. ಇಳಿದು ಎತ್ತಿಕೊಂಡು ದಾಟಿ, ಕಾಳು ಅವರದು. ಆಲೆಮನೆಯ ಹೊಗೆ ಕಂಡರೆ ಮಾತ್ರ ಸಂಕೋಚಪಡದೆ ಹೋಗಿ. ನಾನು ಕೇಳಿದ ಯಾವ ಆಲೆಮನೆಯಲ್ಲಿಯೂ ಬಿಸಿ ಬೆಲ್ಲ ಇಲ್ಲವೆಂದಿಲ್ಲ. ಕೊಪ್ಪರಿಗೆಯಿಂದ ಅಚ್ಚಿಗೆ ಸುರಿಯುವ ಮುನ್ನ ಕಬ್ಬಿನ ಸಿಪ್ಪೆಯ ಮೇಲೆ ಸುರಿದುಕೊಟ್ಟ ಒಂದು ಹಿಡಿ ಬೆಲ್ಲದ ಮುಂದೆ ಅಂಗಡಿಯ ಎನರ್ಜಿ ಬಾರ್ ಯಾವ ಲೆಕ್ಕ.

ಅಪಘಾತವಾದರೆ 112 ಅಥವಾ 108. ಏರಿಯ ಮೇಲೆ ವಿಳಾಸ ಹೇಳುವುದು ಕಷ್ಟ. ಕೊನೆಗೆ ದಾಟಿದ ಸೇತುವೆ, ಹತ್ತಿರದ ಊರು ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು.

ಒಂಬತ್ತನೆಯ ಹೆಜ್ಜೆ: ಕಣಿವೆಗೆ, ಬೆಟ್ಟಕ್ಕೆ

ವಿರಿಜಾ ಏರಿಯಲ್ಲಿ ಕೈ ಪಳಗಿದ ಮೇಲೆ ಎಡದಂಡೆಗೆ ಬನ್ನಿ. ವಿ.ಸಿ. ನಾಲೆಯ ಮೋಜಿನ ಜಾಗ ಹುಲಿಕೆರೆ. ಅಲ್ಲಿ ನಾಲೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದೊಳಗೆ ಇಳಿದುಬಿಡುತ್ತದೆ. ನೀರು ಗುಡ್ಡದ ಒಳಗೆ ಹೋಗುತ್ತದೆ, ನೀವು ಗುಡ್ಡದ ಮೇಲೆ ಹೋಗಬೇಕು. ಹತ್ತಾರು ಕಿಲೋಮೀಟರ್ ಸಮತಟ್ಟಿನ ಮೇಲೆ ಸುಖಪಟ್ಟ ಕಾಲುಗಳಿಗೆ ಎಂಜಿನಿಯರು ಉಳಿಸಿದ ಏರು ಎಷ್ಟೆಂಬುದು ಅಲ್ಲಿ ತಿಳಿಯುತ್ತದೆ. ಸುರಂಗದ ಬಾಯಿಯ ಹತ್ತಿರ ಹೋಗಿ ಇಣುಕಬೇಡಿ.

ಪಾಂಡವಪುರದಿಂದ ಕುಂತಿಬೆಟ್ಟದ ಬುಡದಲ್ಲಿ ಹಾದು ತೊಣ್ಣೂರು ಕೆರೆಗೆ ಹೋಗುವುದು ಇನ್ನೊಂದು ದಿನದ ಸವಾರಿ. ಬೆಟ್ಟಸಾಲುಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಈ ಹಳೆಯ ಕೆರೆಯ ನೀರಿನ ತಿಳಿ ನೋಡಿಯೇ ಮೋತಿ ತಲಾಬ್ ಎಂಬ ಹೆಸರೂ ಬಂದದ್ದು. ಅಲ್ಲಿಂದ ಮೇಲುಕೋಟೆಯ ಕಡೆಗೆ ಬೆಟ್ಟ ಶುರು, ಕುರುಚಲು ಕಾಡು ಶುರು. 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಜೀವಿಧಾಮ ತೋಳಗಳಿಗೆ ಹೆಸರಾದದ್ದು. ಸಾರ್ವಜನಿಕ ರಸ್ತೆ ಬಿಟ್ಟು ಆಚೀಚೆ ಇಳಿಯಬೇಡಿ. ಹತ್ತಿದ ಮೇಲೆ ಪುಳಿಯೋಗರೆ ಇದ್ದೇ ಇದೆ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ವಾಷಿಂಗ್ಟನ್, ಮೇರಿಲ್ಯಾಂಡ್ ಸುತ್ತಮುತ್ತ ಇರುವವರಿಗೆ ಬಾಗಿಲಲ್ಲೇ ಚೆಸಪೀಕ್–ಒಹಾಯೊ ಕಾಲುವೆಯ ದಾರಿ ಇದೆ. ಜಾರ್ಜ್‌ಟೌನಿನಿಂದ ಕಂಬರ್ಲೆಂಡ್‌ವರೆಗೆ 184.5 ಮೈಲಿ, ಅಲ್ಲಿಂದ ಹಳೆಯ ರೈಲು ಹಾದಿಯ ಮೇಲೆ ಇನ್ನೂ ಸುಮಾರು 150 ಮೈಲಿ ಹೋದರೆ ಪಿಟ್ಸ್‌ಬರ್ಗ್. ಮೋಟಾರು ವಾಹನಗಳಿಲ್ಲ, ನಡುನಡುವೆ ಡೇರೆ ಹಾಕುವ ಜಾಗ, ಕೈಪಂಪು. ನಮ್ಮದಕ್ಕೂ ಅದಕ್ಕೂ ಒಂದೇ ದೊಡ್ಡ ವ್ಯತ್ಯಾಸ. ಆ ಕಾಲುವೆಯ ದೋಣಿ ವ್ಯಾಪಾರ 1924ರ ಪ್ರವಾಹದೊಂದಿಗೆ ನಿಂತಿತು, 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹೇಸರಗತ್ತೆಗಳು ದೋಣಿ ಎಳೆದ ದಾರಿಯಲ್ಲಿ ಈಗ ಸೈಕಲ್ಲಿನವರೇ ಯಜಮಾನರು. ಇಲ್ಲಿ ಹಾಗಲ್ಲ, ನಾಲೆ ಇನ್ನೂ ದುಡಿಯುತ್ತಿದೆ. ಗುದ್ದಲಿ ಹೊತ್ತವನಿಗೆ ದಾರಿ ಬಿಟ್ಟು ನಾವು ಪಕ್ಕಕ್ಕೆ ಸರಿಯಬೇಕು.

ಮನೆಗೆ ಬಂದ ಮೇಲೆ

ಜೋರು ನೀರಿನ ಪೈಪು ಹಿಡಿದು ಸೈಕಲ್ ತೊಳೆಯಬೇಡಿ, ಬೇರಿಂಗಿನೊಳಗೆ ಹೂಳು ಹೋಗುತ್ತದೆ. ಬಕೆಟ್ಟು, ಹಳೆಯ ಬಟ್ಟೆ, ಹಲ್ಲುಜ್ಜುವ ಬ್ರಷ್ಷು ಸಾಕು. ಚೈನು ಒರೆಸಿ ಒಣಗಿಸಿ ಎಣ್ಣೆ ಬಿಡಿ. ಆಮೇಲೆ ಚಕ್ರವನ್ನು ದೀಪದ ಕೆಳಗೆ ನಿಧಾನವಾಗಿ ತಿರುಗಿಸುತ್ತಾ ಟೈರಿನ ಮೇಲೆ ಬೆರಳಾಡಿಸಿ. ದಾರಿಯಲ್ಲಿ ಚುಚ್ಚಿದ ಮುಳ್ಳನ್ನು ಅಲ್ಲೇ ಕೀಳಬಾರದು, ಕಿತ್ತರೆ ಗಾಳಿ ಹೋಗುತ್ತದೆ. ಮನೆಯಲ್ಲಿ ಒಂದೊಂದಾಗಿ ಚಿಮುಟದಿಂದ ಎಳೆದು, ಕೂಡಲೇ ಆ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ. ಸೀಲಂಟ್ ಒಳಗಿನಿಂದ ಬುಸ್ ಎಂದು ಒಂದು ಹನಿ ಹೊರಗೆ ಬಂದು, ಬಿಳಿ ಚುಕ್ಕೆಯಾಗಿ ನಿಲ್ಲುವವರೆಗೆ.